ಡೋಸ್, ರಕ್ತದ ಮಟ್ಟ, ಪರಿಣಾಮ: ಈ ಲೆಕ್ಕವನ್ನು ಎಲ್ಲಿಂದ ಕಲಿಯೋದು?

ತುಂಗಾ ತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಫಾರ್ಮ್‌ಡಿ ಐದನೇ ವರ್ಷ ಓದುತ್ತಿದ್ದೇನೆ. ಫಾರ್ಮಕೊಕೈನೆಟಿಕ್ಸ್ (ಔಷಧ ಮೈಯೊಳಗೆ ಹೇಗೆ ಹರಡಿ ಹೊರಹೋಗುತ್ತದೆ ಅನ್ನುವ ಲೆಕ್ಕ) ಪೇಪರ್ ಪಾಸಾಗಿದೆ, ಸೂತ್ರಗಳು ಬಾಯಿಪಾಠ ಇವೆ. ಆದರೆ ನನಗೆ ಬೇಕಾಗಿರುವುದು ಬೇರೆ. ಇಷ್ಟು ಡೋಸ್ ಕೊಟ್ಟರೆ ರಕ್ತದಲ್ಲಿ ಎಷ್ಟು ಮಟ್ಟ ಬರುತ್ತದೆ, ಆ ಮಟ್ಟಕ್ಕೆ ಎಷ್ಟು ಪರಿಣಾಮ ಆಗುತ್ತದೆ ಅಂತ ನಾನೇ ಮಾಡೆಲ್ ಕಟ್ಟಿ ಹೇಳುವಂತಾಗಬೇಕು.

ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಹಾಕಿಕೊಂಡು, ಅದರೊಳಗೆ ಮಾಡೆಲ್ ಹೊಂದಿಸುವ ಎನ್‌ಎಲ್‌ಮಿಕ್ಸರ್2 ಪ್ಯಾಕೇಜಿನಲ್ಲಿ ಥಿಯೋಫಿಲಿನ್ (ಉಬ್ಬಸದ ಔಷಧ) ಉದಾಹರಣೆಯನ್ನು ಓಡಿಸಿದೆ. ಚೆಂದದ ಗ್ರಾಫ್ ಬಂತು, ಕೆಳಗೆ ಒಂದು ರಾಶಿ ಅಂಕಿಗಳೂ ಬಂದವು. ಅದರಲ್ಲಿ ಯಾವುದು ಸರಿ ಇದೆ, ಯಾವುದು ಇರಲು ಸಾಧ್ಯವೇ ಇಲ್ಲ ಅಂತ ಹೇಳಲು ಗೊತ್ತಾಗುತ್ತಿಲ್ಲ. ಗಣಿತ ಪಿಯುಸಿಗೇ ಮುಗಿದಿದೆ. ಕ್ಯಾಲ್ಕುಲಸ್ ಮೊದಲಿನಿಂದ ಓದಬೇಕಾ? ಇಲ್ಲ, ಸುಮ್ನೆ ಕೋಡ್ ಬರೆಯುತ್ತಾ ಹೋದರೆ ಬರುತ್ತಾ?

ಉಪ್ಸಾಲಾ ಕನ್ನಡಿಗ

ನಾನು ಸ್ವೀಡನ್ನಿನ ಉಪ್ಸಾಲಾದಲ್ಲಿ ಇದೇ ಕೆಲಸದಲ್ಲಿದ್ದೇನೆ. ಈ ವಿದ್ಯೆಯ ತವರು ಇದೇ ಊರು ಅನ್ನಬಹುದು. 1937ರಲ್ಲಿ ಇಲ್ಲಿನ ಟಾರ್ಸ್ಟನ್ ಟಿಯೊರೆಲ್ ದೇಹವನ್ನು ಕೆಲವು ಭಾಗಗಳಾಗಿ ವಿಂಗಡಿಸಿ, ಔಷಧ ಒಂದರಿಂದ ಇನ್ನೊಂದಕ್ಕೆ ಹೋಗುವ ವೇಗಕ್ಕೆ ಸಮೀಕರಣ ಬರೆದರು. ಕಂಪ್ಯೂಟರ್ ಇಲ್ಲದ ಕಾಲ ಅದು, ಪೂರ್ತಿ ಕೈಲೆಕ್ಕ.

ನೀವೂ ಹಾಗೇ ಶುರು ಮಾಡಿ. ಸಾಫ್ಟ್‌ವೇರನ್ನು ಸ್ವಲ್ಪ ದಿನ ಮುಚ್ಚಿಡಿ. ನೀವು ಓಡಿಸಿದ ಅದೇ ಡೇಟಾ ಆರ್‌ನಲ್ಲಿ ಥಿಯೋಫ್ ಅನ್ನುವ ಹೆಸರಲ್ಲಿ ಇದೆ. 12 ಜನ, ಒಬ್ಬೊಬ್ಬರಿಂದ 11 ಸಲ ರಕ್ತ, ಸುಮಾರು 25 ಗಂಟೆ. ಮೊದಲನೆಯವರನ್ನು ಮಾತ್ರ ಹಿಡಿಯಿರಿ. ತೂಕ 79.6 ಕೆಜಿ, ಡೋಸ್ ಕೆಜಿಗೆ 4.02 ಮಿಲಿಗ್ರಾಂ. ಒಟ್ಟು 320 ಮಿಲಿಗ್ರಾಂ, ಬಾಯಿಗೆ ಕೊಟ್ಟಿದ್ದು. ಕೊಟ್ಟು 1.12 ಗಂಟೆ ಆದಾಗ ರಕ್ತದಲ್ಲಿ ಲೀಟರಿಗೆ 10.5 ಮಿಲಿಗ್ರಾಂ, ಅದೇ ತುದಿ. 12.12 ಗಂಟೆಗೆ 5.94. 24.37 ಗಂಟೆಗೆ 3.28.

ಈ ಕೊನೆಯ ಎರಡು ಮಟ್ಟಗಳ ನ್ಯಾಚುರಲ್ ಲಾಗ್ ತೆಗೆಯಿರಿ. ಒಂದರಿಂದ ಇನ್ನೊಂದು ಕಳೆದು 12.25 ಗಂಟೆಯಿಂದ ಭಾಗಿಸಿದರೆ ಇಳಿಯುವ ದರ ಸಿಗುತ್ತದೆ. 0.693 ಅನ್ನು ಅದರಿಂದ ಭಾಗಿಸಿದರೆ ಹಾಫ್‌ಲೈಫ್, ಅಂದರೆ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಸಮಯ. ಆಮೇಲೆ 11 ಬಿಂದುಗಳನ್ನೂ ಗ್ರಾಫ್ ಹಾಳೆಯಲ್ಲಿ ಗುರುತಿಸಿ, ಗೆರೆಯ ಕೆಳಗಿನ ಜಾಗವನ್ನು ಟ್ರೆಪಿಜಿಯಂಗಳಾಗಿ ಸೀಳಿ ಕೂಡಿಸಿ. ಕೊನೆಯ ಬಿಂದುವಿನ ಆಚೆಗೂ ಒಂದು ಬಾಲ ಇರುತ್ತದಲ್ಲ, ಅದಕ್ಕೆ 3.28 ಅನ್ನು ಇಳಿಯುವ ದರದಿಂದ ಭಾಗಿಸಿ ಸೇರಿಸಿ. ಡೋಸನ್ನು ಈ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಕ್ಲಿಯರೆನ್ಸ್. ಅದನ್ನು ಮತ್ತೆ ಇಳಿಯುವ ದರದಿಂದ ಭಾಗಿಸಿದರೆ ವಾಲ್ಯೂಮ್. ಕ್ಯಾಲ್ಕುಲೇಟರ್ ಇದ್ದರೆ ಸಾಕು. ಉತ್ತರ ಇಲ್ಲೇ ಹಾಕಿ, ನೋಡೋಣ.

ನಿವೃತ್ತ ಮೇಷ್ಟ್ರು

ನೋಡಮ್ಮ, ಕ್ಯಾಲ್ಕುಲಸ್ ಪುಸ್ತಕ ಪೂರ್ತಿ ಬೇಡ. ಎಷ್ಟು ಇದೆಯೋ ಅದಕ್ಕೆ ತಕ್ಕಷ್ಟು ಹೋಗುತ್ತದೆ, ಈ ಒಂದು ಮಾತು ಗಟ್ಟಿಯಾದರೆ ಅರ್ಧ ಕೆಲಸ ಆಯಿತು. ಜಾಸ್ತಿ ಇದ್ದಾಗ ಜಾಸ್ತಿ ಹೋಗುತ್ತದೆ, ಕಡಿಮೆ ಇದ್ದಾಗ ಕಡಿಮೆ. ಡಿಫರೆನ್ಷಿಯಲ್ ಈಕ್ವೇಶನ್ ಅಂತ ಹೆದರಿಸುವುದು ಇದನ್ನೇ.

ಎಕ್ಸೆಲ್ ತೆರೆದು ಮೂರು ಕಾಲಂ ಹಾಕಿ: ಸಮಯ, ಹೊಟ್ಟೆಯಲ್ಲಿರುವ ಔಷಧ, ರಕ್ತಕ್ಕೆ ಬಂದಿರುವ ಔಷಧ. ಹೊಟ್ಟೆಯಲ್ಲಿ 320ರಿಂದ ಶುರು. ಹೀರುವ ದರ ಗಂಟೆಗೆ 1.5 ಅಂತ ಇಟ್ಟುಕೊಂಡರೆ, ಮುಂದಿನ ಸಾಲಿನಲ್ಲಿ ಹೊಟ್ಟೆಯಿಂದ 1.5 ಗುಣಿಸು ಇರುವ ಮೊತ್ತ ಗುಣಿಸು ಸಮಯದ ಹೆಜ್ಜೆ, ಇಷ್ಟು ಕಳೆಯಿರಿ. ಅಷ್ಟನ್ನೇ ರಕ್ತದ ಕಾಲಂಗೆ ಕೂಡಿಸಿ. ರಕ್ತದ ಕಾಲಂನಿಂದ ಇದೇ ರೀತಿ ಇಳಿಯುವ ದರದ ಪಾಲು ಕಳೆಯಿರಿ. ಕೆಳಗೆ ಎಳೆದುಬಿಡಿ. ಗ್ರಾಫ್ ಹಾಕಿದರೆ ಏರಿ ಇಳಿಯುವ ಗೆರೆ ತಾನಾಗಿ ಬರುತ್ತದೆ.

ಒಂದು ಎಚ್ಚರಿಕೆ. ಹೆಜ್ಜೆಯನ್ನು ಒಂದು ಗಂಟೆ ಅಂತ ಇಡಬೇಡಿ. 1.5 ಗುಣಿಸು 320 ಅಂದರೆ 480. ಇರುವ 320ರಲ್ಲಿ 480 ಕಳೆದರೆ ಹೊಟ್ಟೆಯಲ್ಲಿ ಮೈನಸ್ 160 ಮಿಲಿಗ್ರಾಂ ಔಷಧ ಅಂತ ತೋರಿಸುತ್ತದೆ. ಹೆಜ್ಜೆ 0.1 ಗಂಟೆ ಇರಲಿ. ಅದಕ್ಕೂ ಚಿಕ್ಕದಾಗಿ 0.01 ಮಾಡಿ, ಗೆರೆ ಎಷ್ಟು ಅಲುಗುತ್ತದೆ ನೋಡಿ. ದೊಡ್ಡ ಸಾಫ್ಟ್‌ವೇರ್‌ಗಳ ಒಳಗೆ ಕೂತಿರುವ ಸಾಲ್ವರ್‌ಗಳು ಮಾಡುವುದೂ ಇದೇ ಕೆಲಸ. ಹೆಜ್ಜೆಯ ಗಾತ್ರವನ್ನು ಅವು ತಾವೇ ಆರಿಸಿಕೊಳ್ಳುತ್ತವೆ, ಅಷ್ಟೇ.

ಡೇಟಾ ದಾರಿ

ಹಿರಿಯರ ಮಾತಿಗೆ ಗೌರವ ಇದೆ, ಆದರೆ ನನ್ನ ಅಭಿಪ್ರಾಯ ಬೇರೆ. ನಾನು ಬೆಂಗಳೂರಲ್ಲಿ ಸ್ಟಾಟಿಸ್ಟಿಕ್ಸ್ ಕೆಲಸ ಮಾಡುವವನು, ಔಷಧದ ಕಡೆಗೆ ಆಮೇಲೆ ಬಂದೆ. ಕೈಲೆಕ್ಕಕ್ಕೆ ವಾರಗಟ್ಟಲೆ ಕೊಡುವ ಬದಲು ನೇರ ಸಿಮ್ಯುಲೇಶನ್ನಿಗೆ ಇಳಿಯಬಹುದು. ಆರ್‌ಎಕ್ಸ್‌ಒಡಿಇ2, ಎಂಆರ್‌ಜಿಸಾಲ್ವ್ ಅನ್ನುವ ಆರ್ ಪ್ಯಾಕೇಜ್‌ಗಳು ಇದಕ್ಕೇ ಇವೆ, ಎರಡೂ ಉಚಿತ. ಪ್ಯಾರಾಮೀಟರ್ (ದರ, ವಾಲ್ಯೂಮ್‌ನಂಥ ಅಂಕಿ) ನೀವೇ ಆರಿಸಿ, ಸುಳ್ಳು ಡೇಟಾ ಹುಟ್ಟಿಸಿ, ಅದಕ್ಕೆ ಮಾಡೆಲ್ ಹೊಂದಿಸಿ, ನೀವು ಇಟ್ಟ ಅಂಕಿಯೇ ವಾಪಸ್ ಬರುತ್ತದಾ ನೋಡಿ. ವಾಪಸ್ ಬರದಿದ್ದರೆ ಯಾಕೆ ಅಂತ ಹುಡುಕುವಾಗಲೇ ಜಾಸ್ತಿ ಕಲಿಯುತ್ತೀರಿ.

ತುಂಗಾ ತೀರ

ಎರಡನ್ನೂ ಮಾಡುತ್ತಿದ್ದೇನೆ. ಮೊದಲು ಕೈಲೆಕ್ಕದ ಫಲಿತಾಂಶ.

ಇಳಿಯುವ ದರ ಗಂಟೆಗೆ 0.0485. ಹಾಫ್‌ಲೈಫ್ 14.3 ಗಂಟೆ. 24.37 ಗಂಟೆವರೆಗಿನ ವಿಸ್ತೀರ್ಣ 148.9, ಬಾಲ 67.6, ಒಟ್ಟು 216.5. ಕ್ಲಿಯರೆನ್ಸ್ ಗಂಟೆಗೆ 1.48 ಲೀಟರ್. ವಾಲ್ಯೂಮ್ 30.5 ಲೀಟರ್.

ಈಗ ಪ್ರಶ್ನೆಗಳು. ಮೈಯಲ್ಲಿ ರಕ್ತ ಇರುವುದೇ 5 ಲೀಟರ್ ಸುಮಾರು. 30 ಲೀಟರ್ ಎಲ್ಲಿಂದ ಬಂತು? ನಮ್ಮ ಪಾಠದಲ್ಲಿ ಥಿಯೋಫಿಲಿನ್ ಹಾಫ್‌ಲೈಫ್ 8 ಗಂಟೆ ಅಂತ ಇದೆ, ಇಲ್ಲಿ 14 ಬಂದಿದೆ. ಮತ್ತೆ ಸೊನ್ನೆ ಗಂಟೆಯ ಸಾಲಿನಲ್ಲಿ ಮಟ್ಟ 0.74 ಅಂತ ಇದೆ. ಔಷಧ ಇನ್ನೂ ಹೊಟ್ಟೆಯಲ್ಲೇ ಇರುವಾಗ ರಕ್ತಕ್ಕೆ ಹೇಗೆ ಬಂತು?

ಉಪ್ಸಾಲಾ ಕನ್ನಡಿಗ

ಲೆಕ್ಕ ಸರಿಯಾಗಿದೆ. ಪ್ರಶ್ನೆಗಳು ಲೆಕ್ಕಕ್ಕಿಂತ ಚೆನ್ನಾಗಿವೆ.

ವಾಲ್ಯೂಮ್ ಅನ್ನುವುದು ದೇಹದೊಳಗೆ ಅಳೆಯಬಹುದಾದ ಜಾಗ ಅಂತ ತಿಳಿಯಬೇಡಿ. ಮೈಯಲ್ಲಿರುವ ಒಟ್ಟು ಔಷಧವನ್ನು ರಕ್ತದಲ್ಲಿ ಕಾಣುವ ಮಟ್ಟದಿಂದ ಭಾಗಿಸಿದಾಗ ಬರುವ ಅಂಕಿ ಅದು. ಔಷಧ ರಕ್ತ ಬಿಟ್ಟು ಮಾಂಸಖಂಡಕ್ಕೋ ಕೊಬ್ಬಿಗೋ ಹೋಗಿ ಕೂತರೆ ರಕ್ತದಲ್ಲಿ ಕಡಿಮೆ ಕಾಣುತ್ತದೆ, ವಾಲ್ಯೂಮ್ ದೊಡ್ಡದಾಗುತ್ತದೆ. ಮಲೇರಿಯಾದ ಔಷಧ ಕ್ಲೋರೋಕ್ವಿನ್‌ನಲ್ಲಿ ಇದು ಕೆಜಿಗೆ ನೂರು ಲೀಟರನ್ನೂ ದಾಟುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ರಕ್ತದ ಆಲ್ಬ್ಯುಮಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ, ಹಾಗಾಗಿ ಇಡೀ ಮೈಗೆ ಸೇರಿ 10 ಲೀಟರ್ ಆಸುಪಾಸು. ಬಾಯಿಗೆ ಕೊಟ್ಟ ಡೋಸಿನಲ್ಲಿ ಎಷ್ಟು ಪಾಲು ರಕ್ತಕ್ಕೆ ಬಂತು ಅನ್ನುವುದೂ ನಿಮ್ಮ 30.5ರಲ್ಲಿ ಬೆರೆತಿದೆ. ಇಂಜೆಕ್ಷನ್ ಡೇಟಾ ಇಲ್ಲದೆ ಅದನ್ನು ಬೇರೆ ಮಾಡಲು ಆಗುವುದಿಲ್ಲ.

ಕ್ಲಿಯರೆನ್ಸನ್ನು ಹೀಗೆ ಓದಿ: ಪ್ರತಿ ಗಂಟೆ 1.48 ಲೀಟರ್ ರಕ್ತದಿಂದ ಔಷಧ ಪೂರ್ತಿ ಹೋಗುತ್ತಿದೆ. ದಿನನಿತ್ಯ ಎಷ್ಟು ಕೊಡಬೇಕು ಅನ್ನುವುದನ್ನು ತೀರ್ಮಾನಿಸುವುದು ಇದೊಂದೇ. ಸರಾಸರಿ ಮಟ್ಟ 10 ಬೇಕು ಅಂದರೆ ಗಂಟೆಗೆ 14.8 ಮಿಲಿಗ್ರಾಂ ಹೋಗುತ್ತಿರಬೇಕು. ಮೊದಲ ಡೋಸಿಗೇ ಆ ಮಟ್ಟ ಮುಟ್ಟಬೇಕು ಅಂದಾಗ ವಾಲ್ಯೂಮ್ ಬೇಕು: 10 ಗುಣಿಸು 30.5, ಅಂದರೆ 305 ಮಿಲಿಗ್ರಾಂ. ಹಾಫ್‌ಲೈಫ್ ಇವೆರಡರಿಂದ ಹುಟ್ಟುವ ಅಂಕಿ. ಹೊಸಬರು ಎಲ್ಲದಕ್ಕೂ ಹಾಫ್‌ಲೈಫ್ ಹಿಡಿದು ಹೊರಡುತ್ತಾರೆ, ಆಮೇಲೆ ದಾರಿ ತಪ್ಪುತ್ತಾರೆ. ಅದು ಉದ್ದವಾದರೆ ಕ್ಲಿಯರೆನ್ಸ್ ಇಳಿದಿರಬಹುದು, ವಾಲ್ಯೂಮ್ ಏರಿರಬಹುದು. ಡೋಸ್ ಕಡಿಮೆ ಮಾಡಬೇಕಾಗಿರುವುದು ಮೊದಲನೆಯದಕ್ಕೆ ಮಾತ್ರ.

14 ಗಂಟೆ ಈ ಒಬ್ಬರ ಅಂಕಿ, 8 ಗಂಟೆ ತುಂಬಾ ಜನರ ಸರಾಸರಿ. ಸಿಗರೇಟು ಸೇದುವವರಲ್ಲಿ ಅದೇ 4–5 ಗಂಟೆಗೆ ಇಳಿಯುತ್ತದೆ, ಯಾಕೆಂದರೆ ಹೊಗೆ ಲಿವರಿನ ಸಿವೈಪಿ1ಎ2 ಕಿಣ್ವವನ್ನು ಹೆಚ್ಚಿಸುತ್ತದೆ. ಇನ್ನು 0.74. ಹಿಂದಿನ ಡೋಸಿನ ಉಳಿಕೆ ಇದ್ದರೂ ಹೀಗೆ ಬರುತ್ತದೆ, ಅಳತೆಯ ವಿಧಾನದಲ್ಲಿ ಬೇರೆ ಏನೋ ಸೇರಿಕೊಂಡರೂ ಬರುತ್ತದೆ. ನೋಡಲು ಸರಿ ಕಾಣುತ್ತಿಲ್ಲ ಅಂತ ಆ ಸಾಲನ್ನು ಅಳಿಸಬೇಡಿ. ಅದನ್ನು ಇಟ್ಟುಕೊಂಡು ಒಮ್ಮೆ, ಬಿಟ್ಟು ಒಮ್ಮೆ ಮಾಡಿ, ಉತ್ತರ ಎಷ್ಟು ಬದಲಾಯಿತು ಅಂತ ಬರೆದಿಡಿ.

ವಾರ್ಡ್ ರೌಂಡ್

ಹುಬ್ಬಳ್ಳಿ ಕಡೆಯ ವೈದ್ಯ ನಾನು. ಥಿಯೋಫಿಲಿನ್ ಪಾಠಕ್ಕೆ ಒಳ್ಳೆಯದು, ಆದರೆ ಅದು ಸಾಧು ಔಷಧ, ಡೋಸ್ ಎರಡರಷ್ಟು ಮಾಡಿದರೆ ಮಟ್ಟವೂ ಹೆಚ್ಚುಕಮ್ಮಿ ಎರಡರಷ್ಟು. ತಂಗಿ, ಫೆನಿಟಾಯಿನ್ ಲೆಕ್ಕ ಒಂದು ಮಾಡಿ ನೋಡು.

ಮೂರ್ಛೆ ರೋಗಕ್ಕೆ ಕೊಡುವ ಔಷಧ. ಲೀಟರಿಗೆ 10ರಿಂದ 20 ಮಿಲಿಗ್ರಾಂ ಇರಬೇಕು. ಇದನ್ನು ಒಡೆಯುವ ಕಿಣ್ವಗಳು ನಾವು ಕೊಡುವ ಮಾಮೂಲಿ ಡೋಸಿಗೇ ತುಂಬಿಹೋಗುತ್ತವೆ. 1913ರಲ್ಲಿ ಮೈಕೇಲಿಸ್ ಮತ್ತು ಮೆಂಟೆನ್ ಕಿಣ್ವಗಳ ಬಗ್ಗೆ ಬರೆದ ಸಮೀಕರಣವೇ ಇಲ್ಲಿಗೂ ಸಾಕು. 60 ಕೆಜಿ ತೂಕದವರು ಅಂತ ಇಟ್ಟುಕೋ. ಕಿಣ್ವದ ಗರಿಷ್ಠ ಶಕ್ತಿ ಕೆಜಿಗೆ ದಿನಕ್ಕೆ 7 ಮಿಲಿಗ್ರಾಂ, ಅಂದರೆ ದಿನಕ್ಕೆ 420. ಕೆಎಂ, ಅಂದರೆ ಕಿಣ್ವ ಅರ್ಧ ಶಕ್ತಿಯಲ್ಲಿ ಕೆಲಸ ಮಾಡುವ ಮಟ್ಟ, ಲೀಟರಿಗೆ 4 ಮಿಲಿಗ್ರಾಂ. ಎರಡೂ ಸಾಮಾನ್ಯವಾಗಿ ಹಿಡಿಯುವ ಅಂಕಿಗಳು. ಮಟ್ಟ ನಿಂತಾಗ ಎಷ್ಟಿರುತ್ತದೆ ಅಂದರೆ, (4 ಗುಣಿಸು ದಿನದ ಡೋಸ್) ಭಾಗಿಸು (420 ಕಳೆ ದಿನದ ಡೋಸ್).

300 ಕೊಟ್ಟರೆ 10. 350 ಕೊಟ್ಟರೆ 20. 400 ಕೊಟ್ಟರೆ 80.

ಇನ್ನೊಮ್ಮೆ ಓದು. 300ರಿಂದ 350ಕ್ಕೆ ಹೋದಾಗ ಮಟ್ಟ ದುಪ್ಪಟ್ಟು. ಮತ್ತೆ ಅದೇ 50 ಸೇರಿಸಿದರೆ ನಾಲ್ಕು ಪಟ್ಟು. 20 ದಾಟುತ್ತಿದ್ದ ಹಾಗೆ ಕಣ್ಣುಗುಡ್ಡೆ ಅದುರಲು ಶುರುವಾಗುತ್ತದೆ, ಆಮೇಲೆ ನಡಿಗೆ ತೂರಾಡುತ್ತದೆ. ಮಟ್ಟ ಏರಿದಷ್ಟೂ ಹಾಫ್‌ಲೈಫ್ ಉದ್ದವಾಗುತ್ತಾ ಹೋಗುವುದರಿಂದ, ಐದು ಹಾಫ್‌ಲೈಫ್ ಕಳೆದರೆ ಮಟ್ಟ ನಿಲ್ಲುತ್ತದೆ ಅನ್ನುವ ನಿಯಮ ಇಲ್ಲಿ ನಡೆಯುವುದಿಲ್ಲ. ವಾರಗಟ್ಟಲೆ ಏರುತ್ತಲೇ ಇರುತ್ತದೆ. ಡೋಸ್ ಬದಲಿಸಿದ ಮೂರನೇ ದಿನ ರಕ್ತ ತೆಗೆದು 'ಪರವಾಗಿಲ್ಲ' ಅಂದುಕೊಂಡರೆ ಮೋಸ ಹೋಗುತ್ತೇವೆ. ಇಷ್ಟನ್ನು ಒಂದು ಭಾಗಾಕಾರ ಹೇಳಿಕೊಡುತ್ತದಲ್ಲ, ಅದಕ್ಕೇ ನನಗೆ ಈ ಗಣಿತದ ಮೇಲೆ ಇಷ್ಟು ಪ್ರೀತಿ.

ಓದುವವರಲ್ಲಿ ಈ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ: ಇದು ಕಲಿಕೆಯ ಲೆಕ್ಕ. ಡೋಸ್ ನೀವಾಗಿ ಬದಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಡೇಟಾ ದಾರಿ

ವಾರ್ಡ್ ರೌಂಡ್ ಡಾಕ್ಟ್ರೇ, ಈ 300, 350, 400ರ ಲೆಕ್ಕ ನಾಳೆ ನಮ್ಮ ತಂಡಕ್ಕೆ ತೋರಿಸುತ್ತೇನೆ. ಆದರೂ ಒಂದು ಮಾತು ಕೇಳಲೇಬೇಕು. ಕೊನೆಗೆ ಮಾಡೆಲ್ ಡೇಟಾಗೆ ಚೆನ್ನಾಗಿ ಹೊಂದಿದರೆ ಸಾಕಲ್ವಾ? ಹೊಂದಿದ ಮೇಲೆ ಪ್ಯಾರಾಮೀಟರಿನ ಅರ್ಥ ಗೊತ್ತಿದ್ದರೆಷ್ಟು, ಇಲ್ಲದಿದ್ದರೆಷ್ಟು?

ಉಪ್ಸಾಲಾ ಕನ್ನಡಿಗ

ಸಾಲದು. ನಿಮ್ಮ ಸಿಮ್ಯುಲೇಶನ್ ದಾರಿಯಲ್ಲೇ ತೋರಿಸುತ್ತೇನೆ. ಬಾಯಿಗೆ ಕೊಟ್ಟ ಡೋಸ್ 320, ಹೀರುವ ದರ 1.5, ಇಳಿಯುವ ದರ 0.05, ವಾಲ್ಯೂಮ್ 30 ಲೀಟರ್. ಗೆರೆ ಎಳೆಯಿರಿ. ಈಗ ಎರಡು ದರಗಳನ್ನು ಅದಲುಬದಲು ಮಾಡಿ: ಹೀರುವುದು 0.05, ಇಳಿಯುವುದು 1.5. ವಾಲ್ಯೂಮ್ 1 ಲೀಟರ್ ಅಂತ ಇಡಿ. ಮತ್ತೆ ಗೆರೆ ಎಳೆಯಿರಿ.

ಎರಡೂ ಒಂದೇ ಗೆರೆ. ಹತ್ತಿರ ಹತ್ತಿರ ಅಂತ ಹೇಳುತ್ತಿಲ್ಲ, ಒಂದರ ಮೇಲೊಂದು ಪೂರ್ತಿ ಕೂರುತ್ತದೆ. ಕ್ಲಿಯರೆನ್ಸ್ ಎರಡರಲ್ಲೂ 1.5. ಎಷ್ಟೇ ರಕ್ತದ ಸ್ಯಾಂಪಲ್ ತಂದರೂ, ಎಷ್ಟೇ ಒಳ್ಳೆಯ ಸಾಫ್ಟ್‌ವೇರ್ ಇದ್ದರೂ ಈ ಡೇಟಾ ಒಂದರಿಂದಲೇ ಯಾವುದು ನಿಜ ಅಂತ ಹೇಳಲು ಬರುವುದಿಲ್ಲ. ಶುರುವಿಗೆ ಯಾವ ಅಂಕಿ ಕೊಟ್ಟಿರೋ ಅದರ ಹತ್ತಿರದ ಉತ್ತರಕ್ಕೆ ಹೋಗಿ ಪ್ರೋಗ್ರಾಂ ನಿಲ್ಲುತ್ತದೆ. ದೊಡ್ಡವರೊಬ್ಬರ ಮೈಯಲ್ಲಿ ಪ್ಲಾಸ್ಮಾ ಮಾತ್ರ ಹಿಡಿದರೂ 3 ಲೀಟರ್ ಇರುವಾಗ, ಒಂದೇ ಲೀಟರ್ ವಾಲ್ಯೂಮ್ ಇರಲು ಸಾಧ್ಯವೇ ಇಲ್ಲ ಅಂತ ಹೇಳುವವರು ನೀವು. ಅದನ್ನು ಕಂಪ್ಯೂಟರ್ ಹೇಳುವುದಿಲ್ಲ. ತುಂಗಾ ತೀರ ಅವರು ಮೊದಲ ಪೋಸ್ಟಿನಲ್ಲಿ ಯಾವುದು ಅಸಾಧ್ಯ ಅಂತ ಗೊತ್ತಾಗುತ್ತಿಲ್ಲ ಅಂದರಲ್ಲ, ಅದು ಈ ವಿದ್ಯೆಯ ನಡುಮನೆಯ ಪ್ರಶ್ನೆ. ಕೈಲೆಕ್ಕಕ್ಕೆ ನಾನು ಒತ್ತಾಯ ಮಾಡುವುದು ಇದಕ್ಕೇ.

ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳಲ್ಲಿ ಈ ಅದಲುಬದಲು ನಿಜವಾಗಿಯೂ ನಡೆಯುತ್ತದೆ. ಅಲ್ಲಿ ಕೊನೆಯ ಇಳಿಜಾರು ತೋರಿಸುವುದು ಹೀರುವ ದರವನ್ನು. ಅದನ್ನು ಇಳಿಯುವ ದರ ಅಂತ ಓದಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಡೇಟಾ ದಾರಿ

ಈಗಷ್ಟೇ ಎಳೆದು ನೋಡಿದೆ. ಗೆರೆ ಒಂದೇ. ಒಪ್ಪಿದೆ.

ತುಂಗಾ ತೀರ

ಇಲ್ಲಿಯವರೆಗೆ ಡೋಸ್ ಮತ್ತು ಮಟ್ಟ ಆಯಿತು. ಪರಿಣಾಮದ ಭಾಗ? ಮಟ್ಟ ಅರ್ಧವಾದರೆ ಪರಿಣಾಮವೂ ಅರ್ಧ ಆಗುತ್ತದಾ?

ವಾರ್ಡ್ ರೌಂಡ್

ಅಪರೂಪಕ್ಕೆ. ಪರಿಣಾಮಕ್ಕೆ ಒಂದು ಮೇಲ್ಮಿತಿ ಇರುತ್ತದೆ, ಅದು ಇಮ್ಯಾಕ್ಸ್. ಅದರ ಅರ್ಧ ಪರಿಣಾಮ ಕೊಡುವ ಮಟ್ಟ ಇಸಿ50. ಪರಿಣಾಮ ಅಂದರೆ (ಇಮ್ಯಾಕ್ಸ್ ಗುಣಿಸು ಮಟ್ಟ) ಭಾಗಿಸು (ಇಸಿ50 ಕೂಡಿಸು ಮಟ್ಟ). ಮೇಲಿನ ಫೆನಿಟಾಯಿನ್ ಸಮೀಕರಣದ ಅಣ್ಣತಮ್ಮ ಇದು.

ಅಂಕಿ ಹಾಕಿ ನೋಡು. ಮಟ್ಟ ಇಸಿ50ರ ನೂರು ಪಟ್ಟು ಇದ್ದಾಗ ಪರಿಣಾಮ 99 ಶೇಕಡ. ಮಟ್ಟ ಅರ್ಧಕ್ಕೆ ಇಳಿದರೂ 98. ಅದೇ ಮಟ್ಟ ಇಸಿ50ರಲ್ಲೇ ಇದ್ದು ಅರ್ಧವಾದರೆ 50ರಿಂದ 33ಕ್ಕೆ ಬೀಳುತ್ತದೆ. ಪರಿಣಾಮ 10ರಿಂದ 90 ಶೇಕಡಕ್ಕೆ ಏರಬೇಕಾದರೆ ಮಟ್ಟ 81 ಪಟ್ಟು ಹೆಚ್ಚಬೇಕು. ಇನ್ನೊಂದು ಬಹಳ ಉಪಯೋಗದ ಮಾತು: ಇಂಜೆಕ್ಷನ್ ಕೊಟ್ಟ ಔಷಧದ ಡೋಸ್ ಎರಡರಷ್ಟು ಮಾಡಿದರೆ, ಕೆಲಸ ಮಾಡುವ ಕನಿಷ್ಠ ಮಟ್ಟದ ಮೇಲೆ ಅದು ಉಳಿಯುವ ಸಮಯ ಎರಡರಷ್ಟಾಗುವುದಿಲ್ಲ. ಒಂದು ಹಾಫ್‌ಲೈಫ್ ಜಾಸ್ತಿ ಸಿಗುತ್ತದೆ, ಅಷ್ಟೇ. ಸಣ್ಣ ಹಾಫ್‌ಲೈಫ್ ಇರುವ ಔಷಧಕ್ಕೆ ಡೋಸ್ ಏರಿಸುವುದಕ್ಕಿಂತ ಹೆಚ್ಚು ಸಲ ಕೊಡುವುದು ಯಾಕೆ ಮೇಲು ಅಂತ ಇದರಲ್ಲೇ ಇದೆ.

ಉಪ್ಸಾಲಾ ಕನ್ನಡಿಗ

ಇದರ ಜೊತೆಗೆ ತಡ ಅನ್ನುವುದೊಂದಿದೆ. ಮಟ್ಟವನ್ನು ಅಡ್ಡಗೆರೆಯಲ್ಲಿ, ಪರಿಣಾಮವನ್ನು ನೇರಗೆರೆಯಲ್ಲಿ ಇಟ್ಟು, ಸಮಯದ ಕ್ರಮದಲ್ಲಿ ಬಿಂದುಗಳನ್ನು ಸೇರಿಸಿ. ಏರಿದ ದಾರಿಯಲ್ಲೇ ಇಳಿದರೆ ತಡ ಇಲ್ಲ. ಕುಣಿಕೆಯ ಹಾಗೆ ಸುತ್ತಿ ಬಂದರೆ ಮಟ್ಟಕ್ಕೂ ಪರಿಣಾಮಕ್ಕೂ ನಡುವೆ ಏನೋ ಇದೆ.

ಒಂದು ಬಗೆಯ ತಡ ಔಷಧ ರಕ್ತದಿಂದ ಕೆಲಸದ ಜಾಗಕ್ಕೆ ತಲುಪುವುದಕ್ಕೆ. 1979ರಲ್ಲಿ ಲೂಯಿಸ್ ಶೈನರ್, ಡೊನಾಲ್ಡ್ ಸ್ಟಾನ್ಸ್‌ಕಿ ಮತ್ತವರ ಜೊತೆಯವರು ಸ್ನಾಯು ಸಡಿಲಿಸುವ ಟ್ಯೂಬೊಕ್ಯುರಾರಿನ್‌ಗೆ ಇದನ್ನು ಬರೆದರು. ರಕ್ತದ ಪಕ್ಕದಲ್ಲಿ ಒಂದು ಪುಟ್ಟ ಕಾಲ್ಪನಿಕ ಕಂಪಾರ್ಟ್‌ಮೆಂಟ್ ಇಟ್ಟು, ಪರಿಣಾಮವನ್ನು ಅಲ್ಲಿನ ಮಟ್ಟಕ್ಕೆ ಜೋಡಿಸಿದರು. ಕುಣಿಕೆ ಮುಚ್ಚಿಕೊಂಡಿತು.

ಇನ್ನೊಂದು ಬಗೆ ವಾರ್ಫರಿನ್‌ನದು. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ರಕ್ತದ ಮಟ್ಟ ತುದಿ ಮುಟ್ಟುತ್ತದೆ, ಆದರೆ ಪೂರ್ತಿ ಪರಿಣಾಮಕ್ಕೆ ಹಲವು ದಿನ ಬೇಕು. ಯಾಕೆಂದರೆ ಅದು ನಿಲ್ಲಿಸುವುದು ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಹೊಸ ತಯಾರಿಕೆಯನ್ನು. ಆಗಲೇ ತಯಾರಾಗಿರುವುದು ತನ್ನ ಪಾಡಿಗೆ ತಾನು ಕರಗಬೇಕು. ನಲ್ಲಿ ನಿಲ್ಲಿಸಿದರೂ ಟ್ಯಾಂಕಿನ ನೀರು ಖಾಲಿಯಾಗಲು ಸಮಯ ಹಿಡಿಯುವ ಹಾಗೆ. ಏಳನೇ ಅಂಶದ ಹಾಫ್‌ಲೈಫ್ 6 ಗಂಟೆ ಸುಮಾರು, ಪ್ರೋಥ್ರೋಂಬಿನ್ ಅನ್ನುವ ಇನ್ನೊಂದು ಅಂಶದ್ದು ಎರಡೂವರೆ ದಿನದ ಆಸುಪಾಸು. ಹಾಗಾಗಿ ಮೊದಲ ಒಂದೆರಡು ದಿನದಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಅನ್ನುವ ಅಳತೆ) ಏರಿದರೆ ಅದು ಮುಖ್ಯವಾಗಿ ಏಳನೇ ಅಂಶದ ಇಳಿತ. ಪ್ರೋಥ್ರೋಂಬಿನ್ ಇನ್ನೂ ಸಾಕಷ್ಟು ಉಳಿದಿರುತ್ತದೆ. ವಿಲಿಯಂ ಜಸ್ಕೊ ಅವರ ಗುಂಪು 1993ರಲ್ಲಿ ಇಂಥ ಪರೋಕ್ಷ ಪರಿಣಾಮಗಳಿಗೆ ನಾಲ್ಕು ಮೂಲ ಮಾಡೆಲ್‌ಗಳನ್ನು ಬರೆದುಕೊಟ್ಟಿತು: ತಯಾರಿಕೆ ತಗ್ಗಿಸುವುದು, ಹೆಚ್ಚಿಸುವುದು, ಕರಗುವಿಕೆ ತಗ್ಗಿಸುವುದು, ಹೆಚ್ಚಿಸುವುದು. ಮೇಷ್ಟ್ರ ಎಕ್ಸೆಲ್‌ಗೆ ಇನ್ನೊಂದು ಕಾಲಂ ಸೇರಿಸಿದರೆ ನಾಲ್ಕನ್ನೂ ಮಾಡಬಹುದು.

ಕಾವೇರಿ ಕಣಿವೆ

ಓದುತ್ತಾ ಇದ್ದೆ, ಒಂದು ಸೇರಿಸಬೇಕು ಅನಿಸಿತು. ನಮ್ಮ ಪಕ್ಕದ ಊರಲ್ಲೇ ಇದರ ದೊಡ್ಡ ಪಾಠ ನಡೆದಿದೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿಬಿ ಕೀಮೋಥೆರಪಿ ಸೆಂಟರ್‌ನವರು ಐಸೋನಿಯಾಜಿಡ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಈ ಔಷಧವನ್ನು ಕೆಲವರ ದೇಹ ಬೇಗ ಮುಗಿಸುತ್ತದೆ, ಕೆಲವರದು ನಿಧಾನ. ಹುಟ್ಟಿನಿಂದ ಬರುವ ಗುಣ ಅದು. ಹಾಫ್‌ಲೈಫ್ ಬೇಗದವರಲ್ಲಿ ಒಂದು ಗಂಟೆಯ ಮೇಲೆ, ನಿಧಾನದವರಲ್ಲಿ ಮೂರು ಗಂಟೆ ಹತ್ತಿರ. ದಿನಾ ಕೊಟ್ಟಾಗ ಈ ವ್ಯತ್ಯಾಸದಿಂದ ಅಷ್ಟೇನೂ ತೊಂದರೆ ಇಲ್ಲ. ವಾರಕ್ಕೊಮ್ಮೆ ಕೊಡುವ ಪದ್ಧತಿಯಲ್ಲಿ ಬೇಗ ಮುಗಿಸುವವರಿಗೆ ಗುಣ ಆಗುವುದು ಕಡಿಮೆಯಾಯಿತು. ಸರಾಸರಿ ರೋಗಿ ಒಬ್ಬರಿಗೆ ಲೆಕ್ಕ ಹಾಕಿ ಎಲ್ಲರಿಗೂ ಅದನ್ನೇ ಕೊಟ್ಟರೆ ಯಾರಿಗೆ ನಷ್ಟ ಅಂತ ಆಗಲೇ ನೋಡಿದ್ದರು.

ಉಪ್ಸಾಲಾ ಕನ್ನಡಿಗ

ನೆನಪಿಸಿದ್ದಕ್ಕೆ ಧನ್ಯವಾದ. ಪಾಪ್ಯುಲೇಶನ್ ಮಾಡೆಲಿಂಗ್, ಅಂದರೆ ತುಂಬಾ ಜನರ ಡೇಟಾಗೆ ಒಟ್ಟಿಗೆ ಮಾಡೆಲ್ ಕಟ್ಟುವುದು, ಬಿಡಿಸುವುದು ಈ ಗಂಟನ್ನೇ. ಆಸ್ಪತ್ರೆಯ ರೋಗಿಯಿಂದ 11 ಸಲ ರಕ್ತ ತೆಗೆಯಲು ಆಗುವುದಿಲ್ಲ, ಒಂದೋ ಎರಡೋ ಸಿಗುತ್ತದೆ. 1977ರಲ್ಲಿ ಶೈನರ್ ಮತ್ತು ಜೊತೆಯವರು ಮಾಮೂಲಿ ಚಿಕಿತ್ಸೆಯಲ್ಲಿ ಸಿಕ್ಕ ಡಿಗಾಕ್ಸಿನ್ (ಹೃದಯದ ಔಷಧ) ಮಟ್ಟಗಳನ್ನೇ ಒಟ್ಟಿಗೆ ಇಟ್ಟು ತೋರಿಸಿದರು: ಸರಾಸರಿಯ ಜೊತೆಗೆ, ಜನ ಜನಕ್ಕೆ ಎಷ್ಟು ವ್ಯತ್ಯಾಸ ಅನ್ನುವುದನ್ನೂ ಅಂಥ ಡೇಟಾದಿಂದ ತೆಗೆಯಬಹುದು ಅಂತ. ಅವರೂ ಸ್ಟುವರ್ಟ್ ಬೀಲ್ ಅವರೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬರೆದ ನಾನ್‌ಮೆಮ್ ಅನ್ನುವ ಪ್ರೋಗ್ರಾಂ ಇಂದಿಗೂ ಬಳಕೆಯಲ್ಲಿದೆ. ನೀವು ಓಡಿಸಿದ ಎನ್‌ಎಲ್‌ಮಿಕ್ಸರ್2 ಮಾಡುವುದೂ ಅದೇ ಕೆಲಸ, ಕಲಿಯಲು ಅದು ಸಾಕು.

ಈಗ 12 ಜನರಿಗೂ ಕೈಲೆಕ್ಕದ ಕ್ಲಿಯರೆನ್ಸ್ ತೆಗೆಯಿರಿ. ಆಮೇಲೆ ಪ್ರೋಗ್ರಾಂ ಓಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಯಾರ ಅಂಕಿ ದೂರ ಹೋಗಿದೆಯೋ ಅವರ ಗ್ರಾಫ್ ತೆಗೆದು ಯಾಕೆ ಅಂತ ನೋಡಿ.

ತುಂಗಾ ತೀರ

ಮಾಡುತ್ತೇನೆ ಸರ್. ವಾರ್ಫರಿನ್ ಕಾಲಂ ಸೇರಿಸಿ ಎಕ್ಸೆಲ್ ಕೂಡ ಇಲ್ಲೇ ಹಾಕುತ್ತೇನೆ. ಇಂಟರ್ನ್‌ಶಿಪ್ ಶುರುವಾದ ಮೇಲೆ, ಅನುಮತಿ ಸಿಕ್ಕರೆ, ಫೆನಿಟಾಯಿನ್ ಮಟ್ಟಗಳನ್ನು ಕೂಡಿಸಿ ಸಣ್ಣ ಮಾಡೆಲ್ ಮಾಡುವ ಆಸೆ ಇದೆ. ಡಾಕ್ಟ್ರೇ, ಏನೇನು ಬರೆದುಕೊಳ್ಳಬೇಕು?

ವಾರ್ಡ್ ರೌಂಡ್

ಮೊದಲು ಎಥಿಕ್ಸ್ ಕಮಿಟಿಯ ಒಪ್ಪಿಗೆ, ಆಮೇಲೆ ಪೆನ್ನು. ವಯಸ್ಸು, ತೂಕ, ಆಲ್ಬ್ಯುಮಿನ್, ಜೊತೆಗಿರುವ ಬೇರೆ ಔಷಧಗಳು. ಆಲ್ಬ್ಯುಮಿನ್ ಬಿಡಲೇಬೇಡ. ಫೆನಿಟಾಯಿನ್ 90 ಶೇಕಡ ಅದಕ್ಕೇ ಅಂಟಿರುತ್ತದೆ. ಅದು ಕಡಿಮೆ ಇರುವವರಲ್ಲಿ ಒಟ್ಟು ಮಟ್ಟ 8 ಅಂತ ಕಂಡರೂ, ಕೆಲಸ ಮಾಡುವ ಬಿಡಿ ಔಷಧ ಸಾಕಷ್ಟಿರಬಹುದು. ಮಾತ್ರೆ ಯಾವ ರೂಪದ್ದು ಅಂತಲೂ ಬರೆ. 100 ಮಿಲಿಗ್ರಾಂ ಫೆನಿಟಾಯಿನ್ ಸೋಡಿಯಂನಲ್ಲಿ ಫೆನಿಟಾಯಿನ್ ಇರುವುದು 92.

ಎಲ್ಲಕ್ಕಿಂತ ಮುಖ್ಯ ಸಮಯ. ಚಾರ್ಟಿನಲ್ಲಿ 8 ಗಂಟೆ ಅಂತ ಮುದ್ರಿಸಿರುತ್ತಾರೆ. ಮಾತ್ರೆ ನುಂಗಿದ್ದು 9:20ಕ್ಕೆ ಇರಬಹುದು, ರಕ್ತ ತೆಗೆದಿದ್ದು ಅದಕ್ಕೂ ಮುಂಚೆ ಇರಬಹುದು. ನಿಗದಿ ಸಮಯಕ್ಕೊಂದು ಕಾಲಂ, ನಿಜವಾಗಿ ನಡೆದ ಸಮಯಕ್ಕೊಂದು ಕಾಲಂ ಇಡು. ತಪ್ಪಿದ ಡೋಸ್ ಇದ್ದರೆ ಅದನ್ನೂ ಬರೆ. ಸಿಸ್ಟರ್‌ಗಳನ್ನು ಮರ್ಯಾದೆಯಿಂದ ಕೇಳು, ಅವರಿಗೆ ಎಲ್ಲ ಗೊತ್ತಿರುತ್ತದೆ.

ತುಂಗಾ ತೀರ

ಎರಡು ಕಾಲಂ ಹಾಕಿಕೊಂಡೆ. 12 ಜನರ ಕ್ಲಿಯರೆನ್ಸ್ ಪಟ್ಟಿ ಭಾನುವಾರ ಇಲ್ಲೇ ಹಾಕುತ್ತೇನೆ.